ಕೇಳದೆ ಕೊಟ್ಟ ಕೊಸರು

ಮೊನ್ನೆ ಮಧುಗಿರಿಯಿಂದ ತುಮಕೂರಿಗೆ ಹೋಗುವಾಗ, ಕೊರಟಗೆರೆ ದಾಟಿದ ಮೇಲೆ ಒಂದು ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿದೆವು. ಜೊತೆಯಲ್ಲಿದ್ದವನು ನನ್ನ ಸ್ನೇಹಿತ, ಮಧುಗಿರಿಯ ಹುಣಸೆಹಣ್ಣಿನ ವ್ಯಾಪಾರಿ. ಇಳಿದವನೇ ಎಳನೀರಿನವನ ಮುಂದೆ ನಿಂತು, ಒಂದೊಂದು ಕಾಯನ್ನೂ ಬೆರಳಲ್ಲಿ ಬಡಿದು ಆರಿಸಿ, ಕೊಚ್ಚಿಸಿ, ಬಾಟಲಿಗೆ ತುಂಬಿಸತೊಡಗಿದ. ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿರುವ ತಮ್ಮನಿಗಂತೆ. ಆ ತಮ್ಮನಿಗೆ ಮೊದಲು ಜ್ವರ ಕೆಮ್ಮು ಬಂದಿತ್ತು. ಅದು ಎದೆಗಿಳಿದು ಆಸ್ಪತ್ರೆ ಸೇರಿದ. ಈಗ ಉಸಿರಿನ ಜೊತೆಗೆ ಕಿಡ್ನಿಯೂ ಕೈಕೊಡುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಮಚ್ಚಿನ ಏಟಿಗೆ ಹಸಿ ಸಿಪ್ಪೆಯ ಒಗರು ವಾಸನೆ ಕಾರಿನೊಳಕ್ಕೆ ಬಂತು. ನನಗೆ ಕೂರಲಾಗಲಿಲ್ಲ. ಇಳಿದು ಹೋಗಿ ಬಾಟಲಿ ಕಿತ್ತುಕೊಂಡೆ.

"ಇದನ್ನ ನೀನು ಕುಡಿ. ಅವನಿಗೆ ಬ್ಯಾಡ."

"ಯಾಕಣ್ಣ? ಎಳನೀರು ತಂಪಲ್ವಾ? ವಿಷ ಕಿತ್ಕಂಡಂಗೆ ಕಿತ್ಕಂತೀಯಲ್ಲ!"

"ಕಿಡ್ನಿ ಮಲಗಿರೋನಿಗೆ ಅದು ವಿಷಾನೇ ಆಗ್ಬೋದು ಕಣಯ್ಯ. ಡಾಕ್ಟ್ರನ್ನ ಕೇಳು. ಅವರು ಹೂಂ ಅಂದ್ರೆ ಕೊಡುವಂತೆ."

ಇದು ನಾನು ಓದಿ ಕಲಿತ ಮಾತಲ್ಲ. ಆ ಎರಡನೇ ಅಲೆಯ ಕಾಲದಲ್ಲಿ, ಕೊರೊನಾ ವಾರ್ಡಿನಲ್ಲಿ, ಪಕ್ಕದ ಹಾಸಿಗೆಯಿಂದ ಕಲಿತದ್ದು. ಆ ಹಾಸಿಗೆಯಲ್ಲಿದ್ದವರು ಶಿರಾ ಕುರಿ ಸಂತೆಯ ನಮ್ಮ ದಲ್ಲಾಳಿ ಚಾಚಾ. ಅವರ ತಲೆಯ ಹತ್ತಿರವೂ ದಿನಾ ಹೀಗೇ ಎಳನೀರಿನ ವಾಸನೆ ಇರುತ್ತಿತ್ತು...

ನನ್ನ ವಿಷಯ ಮೊದಲು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾನು ತಾವರೆಕೆರೆ ಕಡೆಯವನು. ಓದು ತಲೆಗೆ ಹತ್ತಲಿಲ್ಲ. ಯಾರದೋ ಕುರಿಗಳನ್ನು ಸಂತೆಗೆ ಹೊಡೆದುಕೊಂಡು ಬರುವ ಕೂಲಿಯವನಾಗಿ ಶಿರಾಕ್ಕೆ ಬಂದೆ. ಇವತ್ತು ನನ್ನ ಸ್ವಂತ ಲಾರಿಗಳಲ್ಲಿ ಕುರಿ ತುಂಬಿಸಿ ಕಳಿಸುತ್ತೇನೆ. ನಡುವೆ ಯಾರ ಕೈಯನ್ನೂ ಹಿಡಿದವನಲ್ಲ ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತೇನೆ, ಆದರೆ ಒಂದು ಕೈಯನ್ನು ಮಾತ್ರ ಹಿಡಿದಿದ್ದೆ. ಅದು ಚಾಚಾನ ಕೈ. ಅದೂ ಟವಲಿನ ಕೆಳಗೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕುರಿ ಸಂತೆಯಲ್ಲಿ ಹಳಬರು ಬೆಲೆಯನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಕೈ ಕುಲುಕಿದ ಹಾಗೆ ಹಿಡಿದು, ಮೇಲೊಂದು ಟವಲು ಮುಚ್ಚುತ್ತಿದ್ದರು. ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ಹತ್ತು ಜನ ನಿಂತು ನೋಡುತ್ತಿದ್ದರೂ ಒಳಗೆ ಏನು ನಡೆಯಿತು ಎಂದು ಇಬ್ಬರಿಗೆ ಬಿಟ್ಟು ಮೂರನೆಯವನಿಗೆ ತಿಳಿಯುವುದಿಲ್ಲ. ಇಳಿದವನಿಗೆ ಅವಮಾನವಿಲ್ಲ, ಏರಿದವನಿಗೆ ಜಂಬವಿಲ್ಲ. ಚಾಚಾ ಆ ವಿದ್ಯೆಯಲ್ಲಿ ದೊಡ್ಡವರು. ಎತ್ತರದ ಆಳು, ತಲೆಗೆ ಬಿಳಿ ಟೋಪಿ, ಹೆಗಲ ಮೇಲೆ ಚೌಕಳಿ ಟವಲು. ಮೊದಲ ಸಲ ನನ್ನ ಕೈ ಹಿಡಿದಾಗ ನಕ್ಕುಬಿಟ್ಟಿದ್ದರು.

"ಬೆರಳು ನಡುಗ್ತೈತಲ್ಲೋ ಬೇಟಾ! ಹಿಂಗೆ ನಡುಗಿದ್ರೆ, ನಿಮ್ಮನೇಲಿ ಇವತ್ತು ಒಲೆ ಹತ್ತಿಲ್ಲ ಅಂತ ಎದುರಿನೋನಿಗೆ ಗೊತ್ತಾಗೋಯ್ತದೆ."

ಅವರ ಎರಡು ಕಟ್ಟುಪಾಡುಗಳು ಇಡೀ ಸಂತೆಗೆ ಗೊತ್ತಿದ್ದವು. ಟವಲಿನ ಕೆಳಗೆ ಆದ ಮಾತನ್ನು ಮುರಿಯುವ ಹಾಗಿಲ್ಲ. ಆಮೇಲೆ ಮಳೆ ಬರಲಿ, ಮಾಲಿನ ಬೆಲೆ ಇಳಿಯಲಿ, ಆದದ್ದು ಆಯಿತು. ಇನ್ನೊಂದು ಕೊಸರಿನದು. ಹಿಂಡು ಕೊಂಡವನಿಗೆ, ವ್ಯಾಪಾರ ಮುಗಿದ ಮೇಲೆ, ಮಾರಿದವನು ಒಂದು ಸಣ್ಣ ಮರಿಯನ್ನು ಸುಮ್ಮನೆ ಹಿಂಡಿನೊಳಕ್ಕೆ ಬಿಡುತ್ತಿದ್ದ. ಕೊಂಡವರು ಅದನ್ನು ಬಾಯಿಬಿಟ್ಟು ಕೇಳಿದರೆ ಚಾಚಾಗೆ ಕೆಟ್ಟ ಕೋಪ ಬರುತ್ತಿತ್ತು. "ಕೇಳಿ ತಗೊಂಡ್ರೆ ಅದು ಚೌಕಾಸಿ. ಕೇಳ್ದೆ ಕೊಟ್ರೆ ಕೊಸರು. ಅದು ಕೊಡೋನ ಮರ್ಯಾದೆ, ಅದಕ್ಕೆ ಯಾಕೆ ಕೈ ಹಾಕ್ತೀಯಾ?" ಎನ್ನುತ್ತಿದ್ದರು.

ಇನ್ನು ಅವರಿಗೊಂದು ಚಟವಿತ್ತು. ಚಟ ಎನ್ನುವುದಕ್ಕಿಂತ ಹಟ. ಬೆಳಗಿನ ನಮಾಜು ಮುಗಿಸಿ ಸಂತೆಗೆ ಬಂದರೆ, ಕೊನೆಯ ಕುರಿ ಹೋಗುವ ತನಕ ನೀರು ಮುಟ್ಟುತ್ತಿರಲಿಲ್ಲ. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು, ಜಾಗ ಬಿಟ್ಟು ಎದ್ದರೆ ಗಿರಾಕಿ ಇನ್ನೊಬ್ಬನ ಟವಲಿನ ಕೆಳಗೆ ಹೋಗುತ್ತಾನೆ. ಶಿರಾದ ಬೇಸಿಗೆ ಹೇಗಿರುತ್ತದೆ ಎಂದು ಬಲ್ಲವರು ಬಲ್ಲರು. ಆ ಬಿಸಿಲಿನಲ್ಲಿ, ಸಕ್ಕರೆ ಕಾಯಿಲೆ ಇಟ್ಟುಕೊಂಡು, ಬಾಯಿ ಒಣಗಿಸಿಕೊಂಡು ನಿಂತಿರುತ್ತಿದ್ದರು. ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ತಾವೇ ಕೇಳಿ ತಂದ ಮಾತ್ರೆ ನುಂಗುತ್ತಿದ್ದರು. ನಮಗೆಲ್ಲ ಅದು ಶಕ್ತಿಯಂತೆ ಕಾಣುತ್ತಿತ್ತು. ನಾನೂ ಕೆಲವು ಕಾಲ ಹಾಗೇ ಮಾಡಿದೆ...

ಎರಡನೇ ಅಲೆಯಲ್ಲಿ ನನಗೆ ಸೋಂಕು ತಗುಲಿ ತುಮಕೂರಿಗೆ ಹಾಕಿದರು. ಎರಡು ದಿನ ಕಳೆಯುವುದರಲ್ಲಿ ಪಕ್ಕದ ಹಾಸಿಗೆಗೆ ಒಬ್ಬ ಉದ್ದನೆಯ ಮನುಷ್ಯನನ್ನು ತಂದು ಮಲಗಿಸಿದರು. ಮುಖಕ್ಕೆ ಮಾಸ್ಕು. ಹೆಗಲ ಮೇಲಿನ ಟವಲಿನಿಂದ ಗುರುತು ಹಿಡಿದೆ. ಅವರೂ ನನ್ನನ್ನು ನೋಡಿದರು. ಮಾಸ್ಕು ಸರಿಸಿ, ಏದುಸಿರಿನಲ್ಲೂ ಒಂದು ಮಾತು ಆಡಿಯೇ ಬಿಟ್ಟರು.

"ಕ್ಯಾ ಬೇಟಾ, ಇಲ್ಲೂ ನನ್ನ ಪಕ್ಕದಲ್ಲೇ ಅಂಗಡಿ ಹಾಕ್ಬುಟ್ಟಾ?"

ಆ ದಿನಗಳನ್ನು ನಾನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎಲ್ಲರಿಗೂ ಅವರವರ ಪಾಲಿನದು ಗೊತ್ತಿದೆ. ಆದರೆ ಚಾಚಾ ಗಟ್ಟಿಯಿದ್ದರು. ಆಕ್ಸಿಜನ್ ಹೆಚ್ಚಿಸಿದರು, ಮಗುಚಿ ಮಲಗಿಸಿದರು, ನಿಧಾನಕ್ಕೆ ಅವರ ಉಸಿರು ಒಂದು ಲಯಕ್ಕೆ ಬಂತು. ಹೊರಗೆ ಕಾಯುತ್ತಿದ್ದ ಅವರ ಮಗಳಿಗೆ ನಾನೇ ಫೋನು ಮಾಡಿ, "ಅಬ್ಬಾ ಗೆದ್ದರು ಕಣಮ್ಮ" ಎಂದೆ. ವ್ಯಾಪಾರ ಮಾಡುವವರು ಗಮನದಲ್ಲಿಟ್ಟುಕೊಳ್ಳಬೇಕಾದ ವಿಷಯ ಇಲ್ಲಿದೆ. ಎಲ್ಲರೂ ಒಂದು ಬಾಗಿಲನ್ನು ಕಾಯುತ್ತಿದ್ದಾಗ ನಷ್ಟ ಇನ್ನೊಂದು ಬಾಗಿಲಿನಿಂದ ಬರುತ್ತದೆ. ನಾವೆಲ್ಲ ಎದೆಯನ್ನೇ ಕಾಯುತ್ತಿದ್ದೆವು.

ಆ ವಾರ್ಡಿನಲ್ಲಿ ಬರಗೂರಿನ ಒಬ್ಬ ಹುಡುಗಿ ನರ್ಸಾಗಿದ್ದಳು. ಅವಳಪ್ಪನಿಗೆ ಮೊದಲ ಹಿಂಡು ಕೊಡಿಸಿದ್ದವರು ಚಾಚಾ. ಹಾಗಾಗಿ "ತಾತ, ತಾತ" ಎಂದು ಅವರ ಮೇಲೆ ಅವಳಿಗೆ ಹೆಚ್ಚು ಅಕ್ಕರೆ. ದಿನಾ ನೀರಿನ ಬಾಟಲಿ ಇಟ್ಟು, ಕುಡಿಯಿರಿ ಎಂದು ಹೇಳಿ ಹೋಗುತ್ತಿದ್ದಳು. ಬಾಟಲಿಯೇನೋ ಖಾಲಿಯಾಗುತ್ತಿತ್ತು. ಒಂದು ಬೆಳಿಗ್ಗೆ ನಾನು ಸುಮ್ಮನೆ ಮಲಗಿ ನೋಡುತ್ತಿದ್ದೆ. ಚಾಚಾ ತಮ್ಮ ಬಾಟಲಿಯನ್ನು ಆ ಕಡೆಯ ಹಾಸಿಗೆಯವನಿಗೆ ದಾಟಿಸಿದರು. ಅವನು ಪಾಪ, ಪುಣ್ಯಾತ್ಮ ಕೊಟ್ಟ ಎಂದು ಗಟಗಟ ಕುಡಿದು ಖಾಲಿ ಬಾಟಲಿ ವಾಪಸು ಕೊಟ್ಟ. ಚಾಚಾ ಅದನ್ನು ತಮ್ಮ ತಲೆಯ ಹತ್ತಿರ ನೆಟ್ಟಗೆ ನಿಲ್ಲಿಸಿಕೊಂಡರು.

ನಾನು ಎದ್ದು ಹೋಗಿ ಕೇಳಿದೆ.

"ಏನ್ ಚಾಚಾ ಇದು? ನೀರು ಯಾಕೆ ಕುಡೀತಿಲ್ಲ?"

ಮಾಸ್ಕಿನೊಳಗಿನಿಂದ ಪಿಸುಗುಟ್ಟಿದರು. "ಕುಡಿದ್ರೆ ಮೂತ್ರಕ್ಕೆ ಆ ಹುಡುಗೀನೇ ಬಂದು ಬಾಟ್ಲಿ ಹಿಡೀಬೇಕು ಕಣೋ. ಅವಳಪ್ಪನ ಎದುರಿಗೆ ನಾನು ದೊಡ್ಡ ಮನುಷ್ಯ. ಅವಳ ಕೈಲಿ ಅದನ್ನ ಹಿಡಿಸ್ಲಾ? ತೌಬಾ!"

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಇಡೀ ಜನ್ಮ ಸಂತೆಯಲ್ಲಿ ಅಭ್ಯಾಸ ಮಾಡಿದ ಹಟವನ್ನು ಅವರು ಆಸ್ಪತ್ರೆಗೂ ಹೊತ್ತು ತಂದಿದ್ದರು. ನಾನು ಮುಲಾಜು ನೋಡಲಿಲ್ಲ. ಆಗಿಂದಾಗಲೇ ನರ್ಸಮ್ಮನನ್ನು ಕರೆದು ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ ತಾತ, ನಮ್ಮಪ್ಪನ್ಗೆ ಕುರಿ ಆರಿಸಿಕೊಡುವಾಗ ಅದರ ಹಿಂದೂ ಮುಂದೂ ಎಲ್ಲ ನೋಡ್ತಿರಲಿಲ್ವಾ? ನನಗೂ ಅಂಗೇ. ಇದು ನನ್ನ ಕೆಲಸ."

ಆ ಕ್ಷಣಕ್ಕೆ ಚಾಚಾ ಕಣ್ಣು ಮುಚ್ಚಿಕೊಂಡರು. ಇಡೀ ಸಾಲಿನವರು ನಕ್ಕರು.

ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನಳಿಗೆ ಹಾಕಿ, ಹಾಸಿಗೆಯ ಪಕ್ಕಕ್ಕೆ ಮೂತ್ರದ ಚೀಲ ಕಟ್ಟಿದರು. ಚೀಲದ ತಳ ಮಾತ್ರ ಒದ್ದೆಯಾಯಿತು. ಬಂದದ್ದೂ ಕಡು ಚಹಾದ ಬಣ್ಣ. ಕಿಡ್ನಿಯ ಡಾಕ್ಟರಮ್ಮ ಬಂದರು. ಮೈತುಂಬ ಆ ಬಿಳಿ ಕವಚ, ಕಣ್ಣು ಮಾತ್ರ ಕಾಣುತ್ತಿತ್ತು. ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಿ ಎಂದು ಕೇಳಿದರೆ ಚಾಚಾ ಸಕ್ಕರೆಯದ್ದನ್ನು ಮಾತ್ರ ಹೇಳಿದರು. ಮಂಡಿನೋವಿನ ಮಾತ್ರೆ ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ! ಅದನ್ನು ನಾನು ಹೇಳಿದೆ. ಅವರ ಹೆಂಡತಿ, ನಮ್ಮ ಚಾಚಿ, ಮನೆಯಿಂದ ದಿನಾ ಕಳಿಸುತ್ತಿದ್ದ ಎಳನೀರನ್ನೂ ತೋರಿಸಿದೆ. ನೀರು ಬೇಡ ಎನ್ನುತ್ತಿದ್ದವರು ಚಾಚಿ ಕಳಿಸಿದ್ದೆಂದು ಅದರಲ್ಲಿ ನಾಲ್ಕು ಗುಟುಕು ಕುಡಿಯುತ್ತಿದ್ದರು. ಡಾಕ್ಟರಮ್ಮ ಮೊದಲು ಆ ಬಾಟಲಿ ಎತ್ತಿಸಿದರು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ಕೆಲಸ ನಿಲ್ಲಿಸಿದಾಗ ಅದು ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ, ಹೆಚ್ಚಾದರೆ ಹೃದಯದ ಬಡಿತ ಕೆಡುತ್ತದೆ ಎಂದು ಬಿಡಿಸಿ ಹೇಳಿದರು.

ಓದುವವರಿಗೆ ನನ್ನದೊಂದು ಮಾತು. ಡಾಕ್ಟರ ಹತ್ತಿರ ಬೇಕಾದರೆ ಚೌಕಾಸಿ ಮಾಡಿ, ಜಗಳ ಆಡಿ. ನುಂಗಿದ ಮಾತ್ರೆಯನ್ನು ಮಾತ್ರ ಮುಚ್ಚಿಡಬೇಡಿ. ಮೂತ್ರ ಕಡಿಮೆಯಾದರೆ ನಾಚಿಕೆ ಬಿಟ್ಟು ಹೇಳಿ. ನೀರು ಎಷ್ಟು ಕುಡಿಯಬೇಕು ಎಂಬುದನ್ನೂ ಅವರನ್ನೇ ಕೇಳಿ, ಏಕೆಂದರೆ ಅದು ಮೊದಲೊಂದು ಥರ, ಆಮೇಲೊಂದು ಥರ. ಕುಡಿಯಿರಿ ಎಂದಾಗ ಚಾಚಾ ಕುಡಿಯಲಿಲ್ಲ. ಕಿಡ್ನಿ ನಿಂತು ಮೈ ಊದಿಕೊಂಡ ಮೇಲೆ ಬೇಕು ಎಂದರೂ ಗುಟುಕು ಲೆಕ್ಕದಲ್ಲೇ ಕೊಟ್ಟರು.

ಎರಡು ದಿನದಲ್ಲಿ ಮುಖ ಊದಿತು. ರಕ್ತದ ರಿಪೋರ್ಟು ನೋಡಿದ ಡಾಕ್ಟರಮ್ಮ ಡಯಾಲಿಸಿಸ್ ಮಾಡಲೇಬೇಕು, ಇವತ್ತೇ ಮಾಡಬೇಕು ಎಂದರು. ಚಾಚಾ ಕೈ ಎತ್ತಿ ಅಡ್ಡಡ್ಡ ಆಡಿಸಿದರು. ಬೇಡ.

ಕಾರಣ ನನಗೆ ಗೊತ್ತಿತ್ತು. ಪಾವಗಡದಲ್ಲಿದ್ದ ಅವರ ತಂಗಿಯ ಗಂಡ ವರ್ಷಗಟ್ಟಲೆ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಬಂದು ಹೋಗುತ್ತಿದ್ದರು. ಬರುಬರುತ್ತಾ ಕರಗಿ, ಕೊನೆಗೆ ಹೋಗಿಬಿಟ್ಟರು. ಅಂದಿನಿಂದ ಚಾಚಾಗೆ ಒಂದೇ ಮಾತು: "ಆ ಮಿಷಿನ್ ಹತ್ತಿದೋನು ಇಳಿಯಲ್ಲ." ನಮ್ಮ ಕಡೆ ಹೋಬಳಿ ಹೋಬಳಿಯಲ್ಲೂ ಇದೇ ಮಾತು ಇದೆ. ಮಗಳು ಫೋನಿನಲ್ಲಿ ಅಳುತ್ತಿದ್ದಳು. "ಅಬ್ಬಾ ಒಪ್ಪಿದ್ರೆ ಈಗ್ಲೇ ಸಹಿ ಹಾಕ್ತೀನಣ್ಣ. ಅವರು ಬ್ಯಾಡ ಅಂತಿರುವಾಗ ನಾನೆಂಗೆ ಹಾಕ್ಲಿ?"

ನಾನು ಡಾಕ್ಟರಮ್ಮನನ್ನು ನೇರವಾಗಿ ಕೇಳಿದೆ. "ಹತ್ತಿದ್ರೆ ಇಳೀತಾರಾ ಮೇಡಂ? ಗ್ಯಾರಂಟಿ ಕೊಡ್ತೀರಾ?"

"ಗ್ಯಾರಂಟಿ ಕೊಡಲ್ಲ. ಇವರ ಕಿಡ್ನಿ ಸೋಂಕಿನ ಹೊಡೆತಕ್ಕೆ, ನೀರಿಲ್ಲದೆ, ಆ ಮಾತ್ರೆಗಳಿಂದ, ಎಲ್ಲ ಸೇರಿ ಏಟು ತಿಂದು ಮಲಗಿದೆ. ಪೂರ್ತಿ ಸತ್ತಿದೆ ಅಂತ ಅನ್ನಿಸಲ್ಲ. ಅದು ಏಳೋವರೆಗೆ ಮಿಷಿನ್ನು ಅದರ ಕೆಲಸ ಮಾಡಬೇಕು. ಬಹಳ ಜನರಲ್ಲಿ ಏಳುತ್ತೆ, ಕೆಲವರಲ್ಲಿ ಏಳಲ್ಲ. ಆದರೆ ಈಗ ಮಾಡದಿದ್ರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು."

ಗ್ಯಾರಂಟಿ ಕೊಡದೆ ಮಾಲಿನ ಕುಂದು ಮೊದಲು ಹೇಳುವವರನ್ನು ನಾನು ಹೆಚ್ಚು ನಂಬುತ್ತೇನೆ. ನಂಬಿದೆ.

ಆಮೇಲೆ ಸುತ್ತ ನೋಡಿದೆ. ಡಾಕ್ಟರಮ್ಮ, ನರ್ಸಮ್ಮ, ಎದುರು ಸಾಲಿನ ರೋಗಿಗಳು, ಎಲ್ಲರ ಕಣ್ಣೂ ಚಾಚಾನ ಮೇಲೆ. ಎಲ್ಲರ ಮುಂದೆ ಬೇಡ ಎಂದ ದೊಡ್ಡ ಮನುಷ್ಯ ಎಲ್ಲರ ಮುಂದೆ ಹೂಂ ಎನ್ನುವುದು ಹೇಗೆ? ಅವರಿಗೆ ಸೋಲದೆ ಇಳಿಯಲು ಒಂದು ಮರೆ ಬೇಕಿತ್ತು. ನನಗೆ ಆಗಲೇ ಆಕ್ಸಿಜನ್ ತೆಗೆದಿದ್ದರು. ಸ್ಟೀರಾಯ್ಡಿನಿಂದ ಸಕ್ಕರೆ ಏರಿತೆಂದು ಇನ್ನೂ ಮನೆಗೆ ಬಿಟ್ಟಿರಲಿಲ್ಲ, ಅಷ್ಟೆ. ಹೋಗಿ ಅವರ ಪಕ್ಕ ಸ್ಟೂಲಿನ ಮೇಲೆ ಕೂತೆ. ದಿಂಬಿನ ಹತ್ತಿರವಿದ್ದ ಅವರದೇ ಟವಲು ತೆಗೆದೆ. ಅವರ ಊದಿದ ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡು ಮೇಲೆ ಮುಚ್ಚಿದೆ.

ಕಿವಿಯ ಹತ್ತಿರ ಬಾಗಿ ಹೇಳಿದೆ. "ಚಾಚಾ, ಮುದಿಯಾದ ಕುರಿ ಬೇರೆ, ಕಾಯಿಲೆ ಬಿದ್ದ ಕುರಿ ಬೇರೆ ಅಂತ ನೀವೇ ಕಲಿಸಿದ್ದು. ನಿಮ್ಮ ಭಾವನ ಕಿಡ್ನಿ ಮುದಿಯಾಗಿತ್ತು. ನಿಮ್ದು ಕಾಯಿಲೆ ಬಿದ್ದೈತೆ. ಕಾಯಿಲೆ ಬಿದ್ದಿದ್ದನ್ನ ಯಾರಾದ್ರೂ ಕಸಾಯಿಗೆ ಮಾರ್ತಾರಾ? ಎಷ್ಟು ಸಲ ಮಿಷಿನ್ ಹತ್ತುತೀರಾ, ಹೇಳಿ."

ಮೊದಲು ಏನೂ ಇಲ್ಲ. ಕೈ ಕಲ್ಲಿನ ಹಾಗೆ ಬಿದ್ದಿತ್ತು. ನಾನು ಅವರ ಐದೂ ಬೆರಳು ಒಟ್ಟಿಗೆ ಹಿಡಿದೆ. ಸ್ವಲ್ಪ ಹೊತ್ತಾದ ಮೇಲೆ ಕೈ ಅಲುಗಿತು. ನಾಲ್ಕು ಬೆರಳು ಬಿಡಿಸಿಕೊಂಡು, ತೋರುಬೆರಳೊಂದನ್ನು ಮಾತ್ರ ನನ್ನ ಮುಷ್ಟಿಯಲ್ಲಿ ಬಿಟ್ಟರು. ಒಂದು! ನನಗೆ ಒಳಗೊಳಗೇ ಕುಣಿಯುವಂತಾಯಿತು. ಬೆಲೆ ಹೇಳಿದವನು ಸಂತೆಗೆ ಬಂದ ಹಾಗೆ. ಬೇಡ ಎನ್ನುವ ಮನುಷ್ಯ ಈಗ ಎಷ್ಟು ಎನ್ನುತ್ತಿದ್ದರು. ನಾನು ನಾಲ್ಕು ಹಿಡಿದೆ. ಅವರು ಒಂದಕ್ಕೇ ನಿಂತರು. ಬಿಗಿಯಾಗಿ ನಿಂತರು. ನಾನು ಕೈ ಬಿಡಿಸಿಕೊಂಡು ಏಳುವವನ ಹಾಗೆ ನಟಿಸಿದೆ, ಅದೂ ಅವರೇ ಕಲಿಸಿದ ಆಟ. ಕೈ ನನ್ನನ್ನು ಎಳೆದು ಕೂರಿಸಿತು. ಎರಡು. ಆಮೇಲೆ ಮೂರು. ಮೂರು ಬೆರಳನ್ನು ನಾನು ಗಟ್ಟಿಯಾಗಿ ಒತ್ತಿದೆ, ಅವರೂ ಒತ್ತಿದರು. ಮುಗಿಯಿತು.

ಮಾಸ್ಕಿನ ಮೇಲೆ ಅವರ ಕಣ್ಣು ನಗುತ್ತಿತ್ತು. ಈ ಹುಡುಗನಿಗೆ ಬೆರಳು ನಡುಗುವುದು ನಿಂತಿದೆ ಎನ್ನುವ ಹಾಗೆ...

"ಏನ್ರೀ ಮಾಡಿದ್ರಿ?" ಎಂದರು ಡಾಕ್ಟರಮ್ಮ.

"ವ್ಯಾಪಾರ ಕುದುರ್ತು ಮೇಡಂ. ಮೂರು ಸಲಕ್ಕೆ ಒಪ್ಪವ್ರೆ."

"ಹಾಗೆಲ್ಲ ಲೆಕ್ಕ ಕಟ್ಟೋಕೆ ಬರಲ್ಲ ಕಣ್ರೀ! ಇದು ಕುರಿ ಸಂತೆ ಅಲ್ಲ."

"ಮೊದ್ಲು ಶುರು ಮಾಡಿ ಮೇಡಂ. ಮುಂದಿಂದು ಮುಂದಕ್ಕೆ."

ಮಗಳು ಸಹಿ ಹಾಕಿದಳು. ಕತ್ತಿನ ಪಕ್ಕ ದಪ್ಪ ನಳಿಗೆ ಹಾಕಿ, ವಾರ್ಡಿನ ತುದಿಯ ಕೋಣೆಗೆ ಕರೆದುಕೊಂಡು ಹೋದರು. ಮೊದಲ ಸಲ ಮುಗಿಸಿ ಬಂದಾಗ ಸುಸ್ತಾಗಿದ್ದರು, ಆದರೆ ಉಸಿರು ಹಗುರವಾಗಿತ್ತು. ಎರಡನೆಯದಕ್ಕೆ ಮುಖದ ಊತ ಇಳಿದು, ನಮ್ಮ ಚಾಚಾನ ಮೂಗು ಕಣ್ಣು ಮತ್ತೆ ಕಾಣಿಸಿದವು. ಮೂರನೆಯದೂ ಆಯಿತು. ನಾವೆಲ್ಲ ಚೀಲವನ್ನೇ ನೋಡುತ್ತಿದ್ದೆವು. ಸ್ವಲ್ಪ ಬಂದಿತ್ತು. ಮೊದಲಿಗಿಂತ ತಿಳಿಯಾಗಿತ್ತು. ಆದರೆ ಸಾಲದು.

ಡಾಕ್ಟರಮ್ಮ ಬಂದು ರಿಪೋರ್ಟು ನೋಡಿ ನನ್ನ ಕಡೆ ತಿರುಗಿದರು. ಆ ನೋಟದಲ್ಲೇ ತಿಳಿಯಿತು. ಇನ್ನೊಂದು ಬೇಕು. ಟವಲಿನ ಕೆಳಗೆ ಮಾತು ಕೊಟ್ಟವನು ನಾನು, ಮೂರು ಎಂದವನು ನಾನು. ಈಗ ಯಾವ ಮುಖ ಇಟ್ಟುಕೊಂಡು ನಾಲ್ಕು ಎನ್ನಲಿ? ಆ ಮನುಷ್ಯ ಜನ್ಮದಲ್ಲಿ ಆದ ಮಾತನ್ನು ಮುರಿದವರಲ್ಲ, ಮುರಿದವರ ಜೊತೆ ಮತ್ತೆ ವ್ಯಾಪಾರ ಮಾಡಿದವರೂ ಅಲ್ಲ. ಬಾಯಿ ಬಿಟ್ಟರೆ ಚೌಕಾಸಿಯಾಗುತ್ತದೆ, ಬಿಡದಿದ್ದರೆ ಚಾಚಾ ಹೋಗುತ್ತಾರೆ. ನರ್ಸಮ್ಮ ಚೀಲವನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು, ನೋಡಿದರೆ ಹೆಚ್ಚಾಗುತ್ತದೆ ಎನ್ನುವ ಹಾಗೆ.

ಚಾಚಾ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ನಿಧಾನವಾಗಿ ಮಾಸ್ಕು ಸರಿಸಿದರು.

"ಯಾರೂ ಕೇಳ್ಬ್ಯಾಡಿ," ಎಂದರು. ಉಸಿರು ಎಳೆದುಕೊಂಡರು. "ಡಾಕ್ಟ್ರಮ್ಮ, ಇನ್ನೊಂದು ತಗೊಳ್ಳಿ. ಕೊಸರು."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಬರಗೂರಿನ ಹುಡುಗಿಗೆ ಆಯಿತು. ಅವಳು ಆ ಬಿಳಿ ಕವಚದ ಕನ್ನಡಕದೊಳಗೇ ಕಣ್ಣೀರು ಹಾಕಿಕೊಂಡು, ಅದು ಮಂಜಾಗಿ, ದಾರಿ ಕಾಣದೆ ಸ್ಟೂಲಿಗೆ ಕಾಲು ತಾಗಿಸಿಕೊಂಡಳು. ನಾನು ಬೇರೆ ಕಡೆ ನೋಡಿದೆ.

ಹೆಮ್ಮೆ ಎಂದರೆ ಏನು ಎಂದು ನನ್ನನ್ನು ಯಾರಾದರೂ ಕೇಳಿದರೆ ಈ ಕ್ಷಣವನ್ನೇ ಹೇಳುತ್ತೇನೆ. ಭಯ ಅವರಿಗೂ ಇತ್ತು. ಆ ಮಿಷಿನ್ನಿನ ಮೇಲೆ ಅಷ್ಟು ಹೊತ್ತು ಮಲಗಿ ತಮ್ಮ ರಕ್ತ ಕೊಳವೆಯಲ್ಲಿ ಓಡುವುದನ್ನು ಕಣ್ಣಾರೆ ನೋಡುತ್ತಿದ್ದರು, ಭಯವಿಲ್ಲದೆ ಇರುತ್ತದೆಯೇ? ಆದರೂ ಬೇಡುವ ಸ್ಥಿತಿಯಲ್ಲಿ ಮಲಗಿದ್ದ ಮನುಷ್ಯ, ನಮ್ಮೆಲ್ಲರಿಗೂ ಕೊಡುವವನಾಗಿ ಎದ್ದು ನಿಂತುಬಿಟ್ಟಿದ್ದರು. ಮಲಗಿಕೊಂಡೇ.

ನಾಲ್ಕನೆಯದು ಮುಗಿದ ಮರುದಿನ ಬೆಳಿಗ್ಗೆ ಚೀಲ ಅರ್ಧಕ್ಕಿಂತ ಮೇಲೆ ಏರಿತ್ತು. ತಿಳಿ ಹಳದಿ. ಮನುಷ್ಯನ ಮೂತ್ರ ನೋಡಿ ಒಂದು ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿದ್ದನ್ನು ನಾನು ಅಲ್ಲೇ ಮೊದಲು ನೋಡಿದ್ದು.

"ತಾತ, ಇವತ್ತು ಭರ್ಜರಿ ಕಲೆಕ್ಷನ್ನು!" ಎಂದಳು ನರ್ಸಮ್ಮ.

"ಹೋಗೇ ಹುಚ್ಚಿ, ನಿಮ್ಮಪ್ಪನಿಗೆ ಹೇಳ್ಬುಟ್ಟೀಯಾ, ಜೋಕೆ," ಎಂದರು ಚಾಚಾ. ಅದೇ ಹೊತ್ತಿಗೆ, ಎದುರಿನ ಹಾಸಿಗೆಯವನ ಕಡೆ ತಿರುಗಿ, "ನೋಡ್ದಾ?" ಎನ್ನುವ ಹಾಗೆ ಹುಬ್ಬು ಹಾರಿಸಿದರು.

ಮನೆಗೆ ಹೋದ ಮೇಲೂ ಕಿಡ್ನಿ ಪೂರ್ತಿ ಮೊದಲಿನ ಹಾಗಾಗಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಉಪ್ಪು ಇಳಿಸಿದರು, ನೋವಿನ ಮಾತ್ರೆ ಬಿಟ್ಟು ಕೋಲು ಹಿಡಿದರು, ರಕ್ತ ಪರೀಕ್ಷೆಗೆ ತಪ್ಪದೆ ಹೋದರು. ಸಂತೆಗೆ ಬರುವಾಗ ಕೈಯಲ್ಲಿ ನೀರಿನ ಬಾಟಲಿ! ನಡುವೆ ಎದ್ದು ಹೋಗುತ್ತಿದ್ದರು ಕೂಡ. ಗಿರಾಕಿ ಬೇರೆ ಕಡೆ ಹೋದರೆ, "ಹೋಗ್ಲಿ ಬುಡು, ಅವನೂ ಬದುಕ್ಲಿ, ನಾನೂ ಬದುಕ್ತೀನಿ," ಎನ್ನುತ್ತಿದ್ದರು. ಮತ್ತೆ ಮಿಷಿನ್ ಹತ್ತಲಿಲ್ಲ.

ಆದರೆ ಅವರಿಗೆ ಹೊಸದೊಂದು ದಲ್ಲಾಳಿ ಕೆಲಸ ಹತ್ತಿಕೊಂಡಿತು. ಯಾರ ಮನೆಯಲ್ಲಾದರೂ ಡಯಾಲಿಸಿಸ್‌ಗೆ ಹೆದರಿ ಕೂತಿದ್ದಾರೆ ಎಂದು ಕಿವಿಗೆ ಬಿದ್ದರೆ ಸಾಕು, ನನಗೆ ಫೋನು. "ಗಾಡಿ ತೆಗಿ ಬೇಟಾ." ಒಂದು ಸಲ ಪಾವಗಡ ಕಡೆಯ ಬಲಸಮುದ್ರಕ್ಕೆ ಹೋದೆವು. ಸೋಲಾರ್ ಪ್ಲೇಟು ತೊಳೆಯುವ ಕೆಲಸದವನು ಜ್ವರ, ಕೆಮ್ಮು, ಉಬ್ಬಸ ಎಂದು ಆಸ್ಪತ್ರೆ ಸೇರಿ, ಕಿಡ್ನಿ ನಿಂತು, ಅವನ ತಾಯಿ ಒಪ್ಪದೆ ಕೂತಿದ್ದಳು. ಆಕೆ ತಲೆ ಎತ್ತದೆ ಹೇಳಿದಳು. "ವದ್ದು ಸಾಮಿ, ಆ ಮಿಷಿನ್ ವದ್ದು. ಎಕ್ಕಿನೋಳ್ಳು ದಿಗರು." ಹತ್ತಿದವರು ಇಳಿಯುವುದಿಲ್ಲ ಎಂಬ ಅದೇ ಮಾತು, ತೆಲುಗಿನಲ್ಲಿ.

ಚಾಚಾ ವಾದ ಮಾಡಲಿಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕತ್ತನ್ನು ಒಂದು ಪಕ್ಕಕ್ಕೆ ಓರೆ ಮಾಡಿ, ನಳಿಗೆ ಹಾಕಿದ್ದ ಜಾಗದ ಕಲೆ ತೋರಿಸಿದರು. ಕಡಲೆ ಬೀಜದಷ್ಟು ಗುರುತು.

"ನೇನು ದಿಗಿನಾನಮ್ಮಾ, ಚೂಡು. ನಾನು ಇಳಿದಿದೀನಿ. ಎಲ್ಲಾರೂ ಇಳೀತಾರೆ ಅಂತ ಸುಳ್ಳು ಹೇಳಲ್ಲ. ಆದ್ರೆ ಇಳಿದೋನು ಒಬ್ಬ ನಿನ್ನ ಮುಂದೆ ಕೂತವ್ನೆ."

ಆಕೆ ಬೆರಳು ಚಾಚಿ ಆ ಕಲೆಯನ್ನು ಮುಟ್ಟಿ ನೋಡಿದಳು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು, ನಡೀರಿ ಎಂದಳು. ಆ ಹುಡುಗ ಉಳಿದ. ಕೊರಟಗೆರೆಯ ಒಬ್ಬರ ಮನೆಗೂ ಹೀಗೇ ಹೋಗಿದ್ದೆವು. ಅವರು ಉಳಿಯಲಿಲ್ಲ. ಅವರ ಮಣ್ಣಿಗೂ ಚಾಚಾ ಬಂದು, ಹಿಂದಿನ ಸಾಲಿನಲ್ಲಿ ಕೋಲು ಊರಿ ನಿಂತಿದ್ದರು. ಒಪ್ಪಿಸಲು ಹೋದವನು ಇದಕ್ಕೂ ಹೋಗಬೇಕು ಎಂಬುದು ಅವರ ನ್ಯಾಯ.

ಹೋದ ವರ್ಷ ಚಳಿಯಲ್ಲಿ ಒಂದು ಬೆಳಿಗ್ಗೆ, ನಮಾಜಿಗೆ ಎದ್ದು ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಹೃದಯ. ಯಾರಿಗೂ ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತು ಕೊಡಲಿಲ್ಲ. ಜನಾಜಾಕ್ಕೆ ನಾನೂ ಹೆಗಲು ಕೊಟ್ಟೆ. ಎಷ್ಟು ಹಗುರ ಆಗಿದ್ದರು... ಶಿರಾ ಸಂತೆ ಆ ವಾರ ಸದ್ದಿಲ್ಲದೆ ನಡೆಯಿತು.

ಇದನ್ನೆಲ್ಲ ನಾನು ಮೊನ್ನೆ ಕಾರಿನಲ್ಲಿ ಹುಣಸೆಹಣ್ಣಿನ ವ್ಯಾಪಾರಿಗೆ ತುಮಕೂರಿನ ತನಕ ಹೇಳಿದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನ ತಮ್ಮನ ಹೆಂಡತಿ ಕಾಯುತ್ತಿದ್ದಳು. ಡಾಕ್ಟರು ಡಯಾಲಿಸಿಸ್ ಎಂದಿದ್ದಾರೆ, ಇವರು ಬೇಡ ಎನ್ನುತ್ತಿದ್ದಾರೆ ಎಂದಳು. ಸ್ನೇಹಿತ ನನ್ನ ತೋಳು ಹಿಡಿದುಕೊಂಡ.

"ಅಣ್ಣ, ಆ ಚಾಚಾನ ಒಂದ್ಸಲ ಕರ್ಕೊಂಡು ಬಂದ್ಬುಡು. ನನ್ ತಮ್ಮ ಕಣ್ಣಲ್ಲಿ ನೋಡಿದ್ರೆ ಧೈರ್ಯ ಬತ್ತದೆ."

ಎಲ್ಲ ಹೇಳಿದ್ದೆ. ಅವರು ಹೋದದ್ದನ್ನು ಮಾತ್ರ ಹೇಳಿರಲಿಲ್ಲ. ಬಾಯಿಗೆ ಬಂದಿರಲಿಲ್ಲ.

"ಅವರಿಲ್ಲ ಕಣಯ್ಯ."

ಅವನು ನನ್ನ ತೋಳು ಬಿಟ್ಟ. "ಅಂಗಾರೆ... ಆ ಮಿಷಿನ್ನಿಂದ್ಲೇ ಹೋದ್ರಾ?"

"ಮಿಷಿನ್ನಿಂದ ಹೋಗ್ಲಿಲ್ಲ. ಅದ್ರಿಂದ ಉಳ್ಕಂಡ್ರು. ತಿರುಗಾಡಿದ್ರು, ವ್ಯಾಪಾರ ಮಾಡಿದ್ರು, ನನ್ನ ಬೈದ್ರು. ಆಮೇಲೆ ಹೋದ್ರು."

"ನಳಿಗೆ ಎಲ್ಲಿ ಹಾಕಿದ್ರು ಅವ್ರಿಗೆ?" ಎಂದು ಕೇಳಿದ.

ನಾನು ಅಂಗಿಯ ಗುಂಡಿ ಬಿಚ್ಚಿ, ಕತ್ತನ್ನು ಓರೆ ಮಾಡಿ, ನನ್ನ ಬೆರಳಿನಿಂದ ಜಾಗ ತೋರಿಸಿದೆ. "ಇಲ್ಲಿ." ಬರೀ ಚರ್ಮ. ತೋರಿಸಲು ಅಲ್ಲಿ ಏನೂ ಇರಲಿಲ್ಲ. ಆ ಕಲೆ ಶಿರಾದ ಮಣ್ಣಿನಲ್ಲಿದೆ. ಚಾಚಾ ಹೋದ ಮೇಲೆ ನನಗೆ ಅವರು ಇಲ್ಲವೆಂದು ಪೂರ್ತಿಯಾಗಿ ತಿಳಿದದ್ದು ಅಲ್ಲಿ, ಆ ಮೊಗಸಾಲೆಯಲ್ಲಿ, ಕತ್ತು ಓರೆ ಮಾಡಿ ನಿಂತಾಗ.

ಸ್ನೇಹಿತ ಮಾತ್ರ ಆ ಜಾಗವನ್ನು ಬಹಳ ಹೊತ್ತು ನೋಡಿದ. ಅಲ್ಲಿ ಏನೋ ಇರುವ ಹಾಗೆಯೇ ನೋಡಿದ. ಆಮೇಲೆ ತಮ್ಮನಿಗೆ ಹೇಳಿ ಬರುತ್ತೇನೆ ಎಂದು ಒಳಕ್ಕೆ ಹೋದ.